ಪಡಿಯಚ್ಚು

ಇಟ್ಟಿಗೆ ಕೊಯ್ಯುವವರ ಬಳಿ ಮರದ ಅಚ್ಚೊಂದಿರುತ್ತದೆ. ಕಲಸಿದ ಮಣ್ಣನ್ನು ಅದರಲ್ಲಿ ತುಂಬಿ, ಮೇಲ್ಭಾಗವನ್ನು ಸವರಿ, ಅಚ್ಚನ್ನು ಎತ್ತಿದರೆ ಇಟ್ಟಿಗೆ ಸಿದ್ಧ. ಸಾವಿರ ಇಟ್ಟಿಗೆಗಳಿಗೂ ಅಚ್ಚು ಒಂದೇ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರೂ ಇಂತಹ ಅಚ್ಚುಗಳನ್ನು ಮಾಡಿಕೊಂಡಿದ್ದಾರೆ. ಅಕ್ಷರಗಳಿಂದಾದ ಈ ಅಚ್ಚಿಗೆ ಪಡಿಯಚ್ಚು ಅಥವಾ ಟೆಂಪ್ಲೇಟ್ ಎಂದು ಹೆಸರು.

ಒಂದು ಶಾಲೆಯ ಗ್ರಂಥಾಲಯಕ್ಕೆ ಜಾಲತಾಣವನ್ನು ರಚಿಸಬೇಕಾಗಿದೆಯೆಂದು ಭಾವಿಸೋಣ. ಪುಸ್ತಕಗಳ ಪಟ್ಟಿಯನ್ನು ತೋರಿಸಲು ಒಂದು ಪುಟ, ಹೊಸ ಪುಸ್ತಕವನ್ನು ಸೇರಿಸಲು ಒಂದು, ವಿವರಗಳನ್ನು ತಿದ್ದಲು ಮತ್ತೊಂದು ಬೇಕು. ಕಳೆದುಹೋದುದನ್ನು ಪಟ್ಟಿಯಿಂದ ತೆಗೆಯುವ ಏರ್ಪಾಡೂ ಬೇಕು. ಬಳಿಕ ಸದಸ್ಯರ ಸರದಿ. ಅಲ್ಲಿಯೂ ಇವೇ ನಾಲ್ಕು ಕೆಲಸಗಳು. ಎರವಲಿನ ಲೆಕ್ಕಕ್ಕೂ ಇವೇ. ಹೆಸರುಗಳು ಬದಲಾಗುತ್ತವೆ, ಸಾಲುಗಳ ಕಟ್ಟು ಬದಲಾಗದು. ಬರೆದುದನ್ನೇ ಬರೆಯುವ ಈ ಕೆಲಸ ಬೇಸರ ತರುವಂತಹುದು, ಅಪಾಯವೂ ಉಂಟು. ನಕಲು ಮಾಡುವ ಕೈ ಎಲ್ಲಿಯೋ ಒಂದೆಡೆ ‘ಪುಸ್ತಕ’ವನ್ನು ‘ಸದಸ್ಯ’ ಎಂದು ಬದಲಾಯಿಸಲು ಮರೆಯುತ್ತದೆ.

ಡೆನ್ಮಾರ್ಕಿನ ಡೇವಿಡ್ ಹೈನ್‌ಮಯರ್ ಹ್ಯಾನ್ಸನ್ ಎಂಬುವರು 2004ರಲ್ಲಿ ಹೊರತಂದ ‘ರೂಬಿ ಆನ್ ರೈಲ್ಸ್’ ಎಂಬ ಸಾಧನವು ಈ ಶ್ರಮವನ್ನು ಬಹಳಮಟ್ಟಿಗೆ ತಗ್ಗಿಸಿತು. ಪುಸ್ತಕವೆಂಬ ಹೆಸರನ್ನೂ ಅದರ ಶೀರ್ಷಿಕೆ, ಲೇಖಕ, ಬೆಲೆ ಎಂಬ ವಿವರಗಳನ್ನೂ ಒಂದೇ ಸಾಲಿನ ಆಜ್ಞೆಯಲ್ಲಿ ಕೊಟ್ಟರೆ ಸಾಕು. ಪಡಿಯಚ್ಚಿನ ಬಹುಪಾಲು ಸಾಲುಗಳು ಇದ್ದಂತೆಯೇ ಹೊಸ ಕಡತಕ್ಕೆ ಇಳಿಯುತ್ತವೆ; ಗುರುತು ಮಾಡಿದ ತೆರಪುಗಳಲ್ಲಿ ಮಾತ್ರ ನಾವು ಕೊಟ್ಟ ಹೆಸರುಗಳು ಬಂದು ಕೂಡುತ್ತವೆ. ವಿವರಗಳು ಮೂರಾದರೆ ಅರ್ಜಿಯಲ್ಲಿ ಮೂರು ಕಲಮುಗಳು, ಹತ್ತಾದರೆ ಹತ್ತು. ಇಂಗ್ಲಿಷಿನ ಬಹುವಚನವನ್ನು ಕೂಡ ಅದು ಬಲ್ಲದು: ‘ಪರ್ಸನ್’ ಎಂದು ಕೊಟ್ಟರೆ ಪಟ್ಟಿಗೆ ‘ಪೀಪಲ್’ ಎಂದು ಹೆಸರಿಡುತ್ತದೆ! ನೋಡನೋಡುತ್ತಿದ್ದಂತೆ ಹತ್ತಾರು ಕಡತಗಳು ಸಿದ್ಧವಾಗುತ್ತವೆ. ಈ ವ್ಯವಸ್ಥೆಯ ಹೆಸರು ‘ಸ್ಕ್ಯಾಫೋಲ್ಡ್’, ಎಂದರೆ ಗಾರೆಯವರು ಕಟ್ಟುವ ಸಾರವೆ. ಸಾರವೆಯನ್ನೇ ಮನೆಯೆಂದು ಬಗೆದು ಸುಮ್ಮನಾದವರೂ ಉಂಟು.

ಅಚ್ಚಿನಲ್ಲಿ ಸೀಳಿದ್ದರೆ ಪ್ರತಿಯೊಂದು ಇಟ್ಟಿಗೆಯಲ್ಲಿಯೂ ಅದರ ಗುರುತು ಮೂಡುತ್ತದೆ. ರೈಲ್ಸಿನ ಪಡಿಯಚ್ಚಿನಲ್ಲಿಯೂ ಅಂತಹ ಒಂದು ಸಾಲಿತ್ತು. ಬಳಕೆದಾರನ ಅರ್ಜಿಯಲ್ಲಿ ಏನೇನು ಬಂದಿದೆಯೋ ಅಷ್ಟನ್ನೂ ಅದು ದಾಖಲೆಗೆ ಏರಿಸುತ್ತಿತ್ತು. ಅರ್ಜಿಯಲ್ಲಿಲ್ಲದ ಕಲಮನ್ನು ಯಾರಾದರೂ ತಾವಾಗಿಯೇ ಸೇರಿಸಿ ಕಳುಹಿಸಿದರೆ? ಗುಮಾಸ್ತನು ಓದದೆ ಮೊಹರು ಒತ್ತಿದಂತೆ ಅದೂ ದಾಖಲಾಗುತ್ತಿತ್ತು. ತಡೆಯಲು ಉಪಾಯವಿತ್ತು, ಆದರೆ ಅದನ್ನು ಬರೆದು ಸೇರಿಸುವ ಹೊಣೆ ಪ್ರೋಗ್ರಾಂ ಬರೆಯುವವರದಾಗಿತ್ತು. ರಷ್ಯಾದ ತರುಣನೊಬ್ಬನು ಈ ಅಪಾಯವನ್ನು ಕುರಿತು ಎಚ್ಚರಿಸಿದಾಗ ರೈಲ್ಸ್ ತಂಡದವರು ಇದೇ ಉತ್ತರವನ್ನು ಕೊಟ್ಟರು. ಕೆಲವೇ ದಿನಗಳಲ್ಲಿ, 2012ರ ಮಾರ್ಚ್ 4ರಂದು, ಅವನು ಇದೇ ಬಗೆಯ ಲೋಪವನ್ನು ‘ಗಿಟ್‌ಹಬ್’ ಎಂಬ ತಾಣದಲ್ಲಿ ಬಳಸಿಕೊಂಡನು. ಅಸಂಖ್ಯಾತ ಜನರು ತಮ್ಮ ಪ್ರೋಗ್ರಾಂಗಳನ್ನು ಇರಿಸುವ ತಾಣವದು. ರೈಲ್ಸಿನ ಕಡತಗಳೂ ಅಲ್ಲಿಯೇ ಇದ್ದವು. ಅವನು ತನ್ನ ಪ್ರವೇಶದ ಕೀಲಿಯನ್ನು ರೈಲ್ಸ್ ತಂಡದ ಖಾತೆಗೇ ಸೇರಿಸಿ ತೋರಿಸಿದನು.

ಗಿಟ್‌ಹಬ್ಬಿನವರು ಅಂದೇ ಆ ಲೋಪವನ್ನು ಮುಚ್ಚಿದರು. ಹೊಸದಾಗಿ ಆರಂಭಿಸುವ ಯೋಜನೆಗಳಲ್ಲಿ ತಡೆಯು ಮೊದಲಿನಿಂದಲೇ ಇರುವಂತೆ ರೈಲ್ಸ್ ತಂಡವು ಅದೇ ತಿಂಗಳ ಕೊನೆಯಲ್ಲಿ ಬದಲಾವಣೆ ಮಾಡಿತು. 2013ರ ನಾಲ್ಕನೆಯ ಆವೃತ್ತಿಯಲ್ಲಿ ಪಡಿಯಚ್ಚೇ ಬದಲಾಯಿತು: ಸ್ವೀಕರಿಸಬಹುದಾದ ಕಲಮುಗಳನ್ನು ಒಂದೊಂದಾಗಿ ಹೆಸರಿಸುವ ಸಾಲು ಅದರಲ್ಲಿ ಸೇರಿತು. ಆದರೆ ಅಚ್ಚನ್ನು ತಿದ್ದಿದ ಮಾತ್ರಕ್ಕೆ ಸುಟ್ಟ ಇಟ್ಟಿಗೆ ನೆಟ್ಟಗಾದೀತೆ? ಕೆಲವು ಸಾಧನಗಳು ಪಡಿಯಚ್ಚು ಬದಲಾದಾಗಲೆಲ್ಲ ಕಡತಗಳನ್ನು ಹೊಸದಾಗಿ ತೆಗೆದುಕೊಡುತ್ತವೆ. ಅಂತಹ ಕಡತಗಳ ನೆತ್ತಿಯ ಮೇಲೆ ‘ಕೈಯಿಂದ ತಿದ್ದಬೇಡಿ’ ಎಂಬ ಎಚ್ಚರಿಕೆ ಇರುತ್ತದೆ. ಸಾರವೆಯ ಕಡತಗಳ ರೀತಿ ಬೇರೆ. ಒಮ್ಮೆ ಹೊರಬಂದ ಮೇಲೆ ಅವು ನಮ್ಮವು. ಹಳೆಯ ಪಡಿಯಚ್ಚಿನಿಂದ ಬಂದ ಕಡತಗಳು ಆಯಾ ಯೋಜನೆಗಳಲ್ಲಿ ಹಾಗೆಯೇ ಉಳಿದಿದ್ದವು. ಅವುಗಳ ಒಡೆಯರು ಒಂದೊಂದನ್ನೂ ತೆರೆದು ಕೈಯಾರೆ ತಿದ್ದಬೇಕಾಯಿತು. ತಾವು ಬರೆಯದ ಆ ಸಾಲುಗಳನ್ನು ಒಮ್ಮೆಯಾದರೂ ಓದಿ ನೋಡಿದ್ದವರಿಗೆ, ತಿದ್ದಬೇಕಾದುದು ಎಲ್ಲಿದೆಯೆಂದು ತಿಳಿದಿತ್ತು.