ತಿನಿಸಿನ ಫ್ರಾಂಚೈಸಿ ಅಂಗಡಿ: ಹಣ ಕಟ್ಟುವ ಮುನ್ನ ಲೆಕ್ಕ ಹಾಕಿರಿ

ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರವು ನೇಕಾರಿಕೆಗೂ ಕೂದಲು ಸಂಸ್ಕರಣೆಗೂ ಹೆಸರಾದ ಊರು. ದುಡಿಯುವ ಜನರ ಓಡಾಟ ಇರುವಲ್ಲಿ ಚಹಾ, ಮಿರ್ಚಿ, ಮಂಡಕ್ಕಿಗೆ ಗಿರಾಕಿ ಇದ್ದೇ ಇರುತ್ತಾರೆ. ಮಳೆಯನ್ನೇ ನಂಬಿದ ರೈತ ಕುಟುಂಬವೊಂದು ಇಂಥ ಊರಿನಲ್ಲಿ ಉಪಕಸುಬಾಗಿ ತಿನಿಸಿನ ಅಂಗಡಿ ತೆರೆಯಲು ಬಯಸುವುದು ಸಹಜ. ಆದರೆ ಸ್ವಂತ ಅಂಗಡಿಗೂ ಕಂಪನಿಯ ಹೆಸರಿನಲ್ಲಿ ನಡೆಸುವ ಫ್ರಾಂಚೈಸಿ ಅಂಗಡಿಗೂ ಬಹಳ ವ್ಯತ್ಯಾಸವಿದೆ.

ಫ್ರಾಂಚೈಸಿ ಎಂದರೇನು?

ಕಂಪನಿಯು ತನ್ನ ಹೆಸರು, ತಯಾರಿಕೆಯ ವಿಧಾನ ಮತ್ತು ಸಾಮಗ್ರಿಗಳನ್ನು ಒದಗಿಸುತ್ತದೆ. ಅಂಗಡಿಯವನು ಮೊದಲಿಗೆ ಪ್ರವೇಶ ಶುಲ್ಕವನ್ನೂ ನಂತರ ಪ್ರತಿ ತಿಂಗಳು ರಾಯಲ್ಟಿಯನ್ನೂ ಕೊಡಬೇಕು. ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲಲ್ಲ, ಮಾರಾಟದ ಮೇಲೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಅಂಗಡಿಗೆ ನಷ್ಟವಾದ ತಿಂಗಳಲ್ಲೂ ಕಂಪನಿಗೆ ಆದಾಯವಿರುತ್ತದೆ. ಕಟ್ಟಡದ ಬಾಡಿಗೆ, ಕೂಲಿ, ಬ್ಯಾಂಕಿನ ಕಂತು ಇವೆಲ್ಲ ಅಂಗಡಿಯವನ ಹೊಣೆ.

ಒಂದು ಮಾದರಿ ಲೆಕ್ಕ

ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ರೈತರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ಪ್ರವೇಶ ಶುಲ್ಕ ಮತ್ತು ಅದರ ಮೇಲಿನ ತೆರಿಗೆ 3,54,000 ರೂ., ಯಂತ್ರ ಮತ್ತು ಪೀಠೋಪಕರಣ 5,00,000 ರೂ., ಮೊದಲ ಸಾಮಗ್ರಿ, ಪರವಾನಗಿ ಇತ್ಯಾದಿ 46,000 ರೂ. ಒಟ್ಟು 9 ಲಕ್ಷ. ಇದರಲ್ಲಿ 4 ಲಕ್ಷ ಸ್ವಂತ ಹಣ. 5 ಲಕ್ಷ ಶೇ. 12 ಬಡ್ಡಿಯ, 5 ವರ್ಷದ ಸಾಲ. ಕಟ್ಟಡದ ಠೇವಣಿ ಬೇರೆ.

ದಿನಕ್ಕೆ 5,000 ರೂ. ವ್ಯಾಪಾರವಾದರೆ ತಿಂಗಳಿಗೆ 1,50,000 ರೂ. ಖರ್ಚು ಹೀಗೆ:

ಸಾಮಗ್ರಿ (ಶೇ. 45): 67,500
ರಾಯಲ್ಟಿ (ಶೇ. 6): 9,000
ರಾಯಲ್ಟಿಯ ಮೇಲೆ ಶೇ. 18 ಜಿಎಸ್‌ಟಿ: 1,620
ಕೆಟ್ಟುಹೋಗುವ ಮಾಲು (ಶೇ. 3): 4,500
ಇಬ್ಬರು ಕೆಲಸಗಾರರ ಸಂಬಳ: 28,000
ಬಾಡಿಗೆ: 12,000
ವಿದ್ಯುತ್, ಗ್ಯಾಸ್: 10,000
ಸಾಲದ ಕಂತು: 11,122
ಒಟ್ಟು: 1,43,742

ಉಳಿಯುವುದು 6,258 ರೂ. ಈ ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಕೂಲಿ ಹಿಡಿದಿಲ್ಲ. 5 ವರ್ಷ ಹೀಗೆಯೇ ನಡೆದರೂ ಕೈಗೆ ಬರುವುದು 3,75,480 ರೂ.; ಅಂದರೆ ಹಾಕಿದ ಸ್ವಂತ ಹಣವೇ ಪೂರ್ತಿ ಮರಳುವುದಿಲ್ಲ. ಕರಾರು 5 ವರ್ಷದ್ದಾದರೆ, ಅಷ್ಟರಲ್ಲಿ ಅದರ ಅವಧಿಯೂ ಮುಗಿದಿರುತ್ತದೆ.

ವ್ಯಾಪಾರವು ದಿನಕ್ಕೆ 4,000 ರೂ.ಗೆ ಇಳಿದರೆ ತಿಂಗಳಿಗೆ 7,218 ರೂ. ಕೈಯಿಂದ ಹಾಕಬೇಕಾಗುತ್ತದೆ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಡೆಯಬೇಕಾದರೆ ದಿನಕ್ಕೆ ಸುಮಾರು 4,540 ರೂ. ವ್ಯಾಪಾರ ಬೇಕು. ಒಬ್ಬ ಗಿರಾಕಿ 20 ರೂ. ಕೊಟ್ಟರೆ, ದಿನಂಪ್ರತಿ 227 ಗಿರಾಕಿಗಳು ಬರಬೇಕು. ಗವಿಮಠದ ಜಾತ್ರೆಯ ದಿನಗಳ ನೂಕುನುಗ್ಗಲು ನೋಡಿ ವರ್ಷದ ವ್ಯಾಪಾರವನ್ನು ಅಂದಾಜು ಮಾಡಬಾರದು.

ಕರಾರುಪತ್ರದಲ್ಲಿ ಗಮನಿಸಬೇಕಾದ ಅಂಶಗಳು

1. ಪ್ರವೇಶ ಶುಲ್ಕವು ಯಾವ ಸಂದರ್ಭದಲ್ಲಿ ಮರಳಿ ಸಿಗುತ್ತದೆ?
2. ಸಾಮಗ್ರಿಯನ್ನು ಕಂಪನಿಯಿಂದಲೇ ಕೊಳ್ಳಬೇಕೆ? ದರ ಏರಿಸುವ ಅಧಿಕಾರ ಯಾರದು?
3. ಹತ್ತಿರದಲ್ಲೇ ಅದೇ ಹೆಸರಿನ ಇನ್ನೊಂದು ಅಂಗಡಿ ತೆರೆಯದಂತೆ ಷರತ್ತು ಇದೆಯೇ?
4. ಅವಧಿಗೆ ಮೊದಲೇ ಅಂಗಡಿ ಮುಚ್ಚಿದರೆ ದಂಡವೆಷ್ಟು? ಯಂತ್ರಗಳನ್ನು ಕಂಪನಿ ಮರಳಿ ಕೊಳ್ಳುವುದೇ?
5. ವ್ಯಾಜ್ಯವಾದರೆ ಯಾವ ಊರಿನಲ್ಲಿ ತೀರ್ಮಾನ? ದೂರದ ನಗರಕ್ಕೆ ಅಲೆಯುವ ಖರ್ಚೇ ರೈತನನ್ನು ಸೋಲಿಸಬಹುದು.

ಕರಾರು ರದ್ದಾದರೆ ಹೆಸರಿನ ಫಲಕವನ್ನು ಇಳಿಸಲೇಬೇಕಾಗುತ್ತದೆ. 2017ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯು ಉತ್ತರ ಮತ್ತು ಪೂರ್ವ ಭಾರತದ 169 ಮಳಿಗೆಗಳ ಫ್ರಾಂಚೈಸಿ ಒಪ್ಪಂದವನ್ನು ರದ್ದುಗೊಳಿಸಿತು. ವಿವಾದ ಬಗೆಹರಿದದ್ದು 2019ರಲ್ಲಿ. ಅಷ್ಟು ದೊಡ್ಡ ವ್ಯವಹಾರಕ್ಕೇ ಹೀಗಾದ ಮೇಲೆ ಒಂದೇ ಅಂಗಡಿಯ ಮಾಲೀಕನು ಇನ್ನೂ ಎಚ್ಚರದಿಂದಿರಬೇಕು.

ಕಾನೂನಿನ ರಕ್ಷಣೆ

ಅಮೆರಿಕದಲ್ಲಿ 1979ರಿಂದ ಫ್ರಾಂಚೈಸಿ ನಿಯಮ ಜಾರಿಯಲ್ಲಿದೆ. ಸಹಿ ಅಥವಾ ಹಣಕ್ಕೆ ಕನಿಷ್ಠ 14 ದಿನ ಮುಂಚೆ ಖರ್ಚು, ವ್ಯಾಜ್ಯ ಹಾಗೂ ಈಗಿನ ಮತ್ತು ಬಿಟ್ಟುಹೋದ ಅಂಗಡಿಯವರ ವಿವರಗಳನ್ನು ಕಂಪನಿ ಲಿಖಿತವಾಗಿ ಕೊಡಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮುಖ್ಯವಾಗಿ 1872ರ ಕರಾರು ಅಧಿನಿಯಮವೇ ಆಧಾರ. ಆದ್ದರಿಂದ ಆ ವಿವರಗಳನ್ನು ರೈತನೇ ಕೇಳಿ ಪಡೆಯಬೇಕು. ಕೊಡಲು ಹಿಂಜರಿಯುವ ಕಂಪನಿಯಿಂದ ದೂರವಿರುವುದು ಲೇಸು. ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿಯಾಗಿದೆಯೇ ಎಂಬುದನ್ನೂ ಪರಿಶೀಲಿಸಬೇಕು. 2006ರ ಆಹಾರ ಸುರಕ್ಷತಾ ಅಧಿನಿಯಮದ ಪ್ರಕಾರ ಅಂಗಡಿಗೆ ತನ್ನದೇ ನೋಂದಣಿ ಅಥವಾ ಪರವಾನಗಿ ಬೇಕು. ಕಂಪನಿಯ ಪರವಾನಗಿ ಸಾಲದು.

ರೈತರಿಗೆ ಸಲಹೆ

ಅದೇ ಕಂಪನಿಯ ಮೂರು ನಾಲ್ಕು ಅಂಗಡಿಗಳಿಗೆ, ಮುಚ್ಚಿದ ಒಂದು ಅಂಗಡಿಯ ಮಾಲೀಕನಲ್ಲಿಗೂ, ಖುದ್ದಾಗಿ ಹೋಗಿ ವಿಚಾರಿಸಬೇಕು. ಅಂಗಡಿ ಇಡುವ ಜಾಗದಲ್ಲಿ ವಾರದ ಏಳು ದಿನವೂ ಗಿರಾಕಿಗಳನ್ನು ಎಣಿಸಬೇಕು. ಕರಾರುಪತ್ರವನ್ನು ವಕೀಲರಿಂದ ಓದಿಸಿ, ಕನ್ನಡದಲ್ಲಿ ತಿಳಿದುಕೊಂಡ ನಂತರವೇ ಸಹಿ ಹಾಕಬೇಕು. ಬಿತ್ತನೆ, ನಾಟಿ, ಕೊಯ್ಲಿನ ದಿನಗಳಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಮನೆಯ ಯಾರು ಕೂರುವರೆಂಬುದನ್ನು ಮೊದಲೇ ನಿರ್ಧರಿಸಬೇಕು. ಯಜಮಾನನ ಕಣ್ಣಿಲ್ಲದ ಅಂಗಡಿಯಲ್ಲಿ ಸೋರಿಕೆ ಹೆಚ್ಚು.

ಬೆಳೆ ಸಾಲದ ಹಣವನ್ನು ಅಂಗಡಿಗೆ ತೊಡಗಿಸಬಾರದು, ಹೊಲವನ್ನು ಅಡವಿಡಬಾರದು. ಅಂಗಡಿ ಮುಚ್ಚಿದರೂ ಹೊಲವಿದ್ದರೆ ಮುಂದಿನ ಮುಂಗಾರಿಗೆ ಬಿತ್ತಬಹುದು. ಹೊಲವೇ ಹೋದರೆ ಉಪಕಸುಬಿನ ಜೊತೆಗೆ ಮೂಲ ಕಸುಬೂ ಹೋದಂತೆ.