ಮೀಟರಿಗೆ ಕೈ ಹಾಕುವ ಮೊದಲು

ಕೇಳು ಮಾರಾಯ, ನಿನ್ನೆ ಫೋನಿನಲ್ಲಿ ನೀನು ಅಂದೆಯಲ್ಲ, “ಮಾವ, ಸ್ಪೀಡು ತೋರಿಸ್ತಿಲ್ಲ, ಮೀಟರ್ ಹೋಗಿದೆ, ಹೊಸದು ತರಿಸ್ಲಾ?” ಅಂತ. ಆ ಮಾತು ರಾತ್ರಿಯೆಲ್ಲ ತಲೆಯಲ್ಲೇ ಕೊರೆಯಿತು. ಸ್ಪೀಡು ತೋರಿಸುತ್ತಿಲ್ಲ ಅನ್ನುವುದು ನೀನು ಕಣ್ಣಾರೆ ಕಂಡದ್ದು. ಮೀಟರ್ ಹೋಗಿದೆ ಅನ್ನುವುದು ನಿನ್ನ ಊಹೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ನಾನು ಕೆಲಸ ಕಲಿಯುವಾಗ ಮುಂದಿನ ಚಕ್ರದಿಂದ ಮೀಟರಿನವರೆಗೆ ಒಂದು ಕೇಬಲ್ ಇರುತ್ತಿತ್ತು. ಮುಳ್ಳು ಆಡದಿದ್ದರೆ ಬಿಚ್ಚಿ, ಒಳಗಿನ ತಂತಿ ತುಂಡಾಗಿದೆಯೇ ಎಂದು ನೋಡಿದರೆ ಮುಗಿಯಿತು. ಈಗ ಚಕ್ರದ ಪಕ್ಕದಲ್ಲೋ, ಕೆಲವು ಗಾಡಿಗಳಲ್ಲಿ ಇಂಜಿನ್ನಿನ ಸ್ಪ್ರಾಕೆಟ್ ಹತ್ತಿರವೋ ಒಂದು ಸೆನ್ಸರ್ ಕೂತಿರುತ್ತದೆ. ಅದರೆದುರು ಅಯಸ್ಕಾಂತವೋ ಹಲ್ಲಿನ ಬಳೆಯೋ ಹಾದುಹೋದ ಹಾಗೆಲ್ಲ ಒಂದು ಮಿಡಿತ ಕಳಿಸುತ್ತದೆ. ಮೀಟರ್ ಅದನ್ನು ಎಣಿಸಿ ವೇಗ ಹೇಳುತ್ತದೆ. 17 ಇಂಚಿನ ಚಕ್ರ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎಂಟೊಂಬತ್ತು ಸುತ್ತು ತಿರುಗುತ್ತದೆ. ಆ ಲೆಕ್ಕ ಮೀಟರಿಗೆ ಮುಟ್ಟುವ ದಾರಿಯಲ್ಲಿ ಕಪ್ಲರ್‌ಗಳಿವೆ, ಹ್ಯಾಂಡಲ್ ಬುಡದ ತಿರುವಿದೆ, ಅರ್ತ್ ಇದೆ. ಕೆಡುವುದಕ್ಕೆ ಇಷ್ಟು ಜಾಗ ಇರುವಾಗ ಎಲ್ಲಕ್ಕಿಂತ ದುಬಾರಿ ಸಾಮಾನಿನ ಮೇಲೇ ಮೊದಲ ಅನುಮಾನ ಯಾಕೆ?

ಮೊದಲು ಕೀ ತಿರುಗಿಸಿ ಸುಮ್ಮನೆ ನೋಡು. ಇಡೀ ಮೀಟರೇ ಕತ್ತಲಾಗಿದ್ದರೆ ಸೆನ್ಸರಿನ ಕಡೆ ಹೋಗಬೇಡ. ಫ್ಯೂಸು, ಸಪ್ಲೈ, ಅರ್ತ್ ನೋಡು. ಪೆಟ್ರೋಲ್ ಸರಿಯಾಗಿ ತೋರಿಸುತ್ತಾ, ವೇಗವೂ ಸೊನ್ನೆ, ಕಿಲೋಮೀಟರೂ ಏರುತ್ತಿಲ್ಲ ಅಂದರೆ ಹೆಚ್ಚಿನ ಪಾಲು ಮಿಡಿತವೇ ಬರುತ್ತಿಲ್ಲ. ಕಿಲೋಮೀಟರ್ ಏರುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ, ಆಗ ಮೀಟರನ್ನು ಅನುಮಾನಿಸು. ಜೊತೆಗೆ ಎಬಿಎಸ್ ದೀಪವೂ ಗಾಡಿ ಓಡಿದ ಮೇಲೂ ಆರದಿದ್ದರೆ ಹುಷಾರು. ಎಷ್ಟೋ ಗಾಡಿಗಳಲ್ಲಿ ವೇಗಕ್ಕೂ ಎಬಿಎಸ್‌ಗೂ ಸೆನ್ಸರ್ ಒಂದೇ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾದ್ದರಿಂದ ಇಂಥವು ನಿನ್ನ ಬಾಗಿಲಿಗೆ ದಿನವೂ ಬರುತ್ತವೆ. ಅದು ಬ್ರೇಕಿನ ವಿಷಯ. ಗಿರಾಕಿಗೆ ಬಾಯಿ ಬಿಟ್ಟು ಹೇಳದೆ ಗಾಡಿ ಹೊರಗೆ ಬಿಡಬೇಡ.

ಇನ್ನು ಮಲ್ಟಿಮೀಟರ್ ಹಿಡಿ. ಸೆನ್ಸರಿನಿಂದ ಮೂರು ವೈರು ಬಂದಿದ್ದರೆ ಒಂದು ಸಪ್ಲೈ, ಒಂದು ಅರ್ತ್, ಒಂದು ಸಿಗ್ನಲ್. ಕಪ್ಲರ್ ಬಿಚ್ಚಬೇಡ; ಜೋಡಿಸಿಟ್ಟೇ ಹಿಂದಿನಿಂದ ಪಿನ್ ತಾಗಿಸು. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿದರೆ ಮುಂದಿನ ಮಳೆಗಾಲಕ್ಕೆ ನೀರು ಇಳಿಯಲು ನೀನೇ ದಾರಿ ಮಾಡಿಕೊಟ್ಟ ಹಾಗೆ. ಸಪ್ಲೈ ಕೆಲವದರಲ್ಲಿ 5 ವೋಲ್ಟ್, ಕೆಲವದರಲ್ಲಿ 12. ಅದು ಬಾರದಿದ್ದರೆ ಸೆನ್ಸರನ್ನು ಬೈದು ಫಲವಿಲ್ಲ. ಬಂದಿದ್ದರೆ ಚಕ್ರ ಎತ್ತಿ ಕೈಯಲ್ಲಿ ಮೆಲ್ಲಗೆ ತಿರುಗಿಸು. ಸಿಗ್ನಲ್ ವೈರಿನಲ್ಲಿ ವೋಲ್ಟೇಜು ಏರಿ ಇಳಿಯಬೇಕು. ಜೋರಾಗಿ ತಿರುಗಿಸಿದರೆ ಮಲ್ಟಿಮೀಟರ್ ನಡುವಿನ ಯಾವುದೋ ಅಂಕಿ ತೋರಿಸಿ ನಿನ್ನನ್ನು ದಾರಿ ತಪ್ಪಿಸುತ್ತದೆ. ಏರಿಳಿತವೇ ಇಲ್ಲವೆಂದರೆ ಸೆನ್ಸರಿನ ಮೂತಿಗೆ ಕಬ್ಬಿಣದ ಪುಡಿ ಮೆತ್ತಿದೆಯೇ, ಟೈರ್ ಬಿಚ್ಚಿದಾಗ ಯಾರಾದರೂ ಅಯಸ್ಕಾಂತ ಕಳಚಿದ್ದಾರೆಯೇ, ಅಂತರ ಹೆಚ್ಚಾಗಿದೆಯೇ ನೋಡು. ಆಮೇಲೆ ಸೆನ್ಸರ್ ಬದಲಿಸು. ಎರಡೇ ವೈರಿನ ಎಬಿಎಸ್ ಸೆನ್ಸರಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಅದಕ್ಕೆ ಸ್ಕ್ಯಾನರ್ ಇರುವವರ ಹತ್ತಿರ ಕಳಿಸು. ಕಳಿಸುವುದರಲ್ಲಿ ಅವಮಾನವೇನಿಲ್ಲ.

ಸೆನ್ಸರ್ ಹತ್ತಿರ ಮಿಡಿತ ಇದೆ, ಮೀಟರಿನ ಕಪ್ಲರಿನಲ್ಲಿ ಇಲ್ಲ ಅನ್ನು. ನಮ್ಮ ಮಲೆನಾಡಿನಲ್ಲಿ ಇದೇ ಜಾಸ್ತಿ. ಜೂನ್‌ನಿಂದ ಮೂರು ತಿಂಗಳು ಗಾಡಿ ಒಣಗುವುದೇ ಇಲ್ಲ. ಕಪ್ಲರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಪುಡಿ. ಅಡಿಕೆ ಗೋದಾಮಿನಲ್ಲಿ ನಿಲ್ಲಿಸಿದ ಗಾಡಿಯಾದರೆ ಇಲಿಯ ಹಲ್ಲು. ವಾಟರ್ ಸರ್ವಿಸ್‌ನಲ್ಲಿ ಹ್ಯಾಂಡಲ್ ಬುಡಕ್ಕೇ ನೀರು ಹಾಯಿಸಿದರಂತೂ ಕೇಳುವುದೇ ಬೇಡ.

ಹ್ಯಾಂಡಲ್ ಬುಡದ ಮಾತು ಬಂತಲ್ಲ, ಅಲ್ಲಿ ನಾನು ಮಾಡಿದ ತಪ್ಪೊಂದಿದೆ. ಡೈರಿಗೆ ಹಾಲು ಹಾಕುವ ಒಬ್ಬರ ಗಾಡಿ. ಸ್ಪೀಡು ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ನಾನು ಹೊಸ ಮೀಟರ್ ಹಾಕಿಸಿದೆ. ಅವರು ಎರಡು ಕಂತಿನಲ್ಲಿ ದುಡ್ಡು ಕೊಟ್ಟರು. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಆಗ ಕೂತು ನೋಡಿದೆ: ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಮಾತ್ರ ಸಿಗ್ನಲ್ ಕಡಿಯುತ್ತಿತ್ತು. ಸಿಪ್ಪೆ ನೆಟ್ಟಗಿತ್ತು, ಒಳಗಿನ ತಾಮ್ರ ತಿರುಗಿ ತಿರುಗಿ ಮುರಿದಿತ್ತು. ಒಂದು ಗೇಣು ವೈರು, ಎರಡು ಬೆಸುಗೆ, ಅಷ್ಟೇ. ಹಾಕಿದ ಮೀಟರನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಹಾಲಿನವರ ಹಣ ನಾನೇ ಹಿಂತಿರುಗಿಸಿದೆ. ಅವರು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಆದ್ದರಿಂದ ಬಂದು ಹೋಗುವ ದೋಷ ಅಂದರೆ ಪರೀಕ್ಷೆ ನಡೆಯುವಾಗಲೇ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸು, ವೈರಿಂಗ್ ಅಲ್ಲಾಡಿಸು.

ಮಿಡಿತ ಮೀಟರಿನ ಕಪ್ಲರಿನವರೆಗೂ ಸರಿಯಾಗಿ ಬಂದು, ಅಲ್ಲಿಯ ಸಪ್ಲೈ, ಅರ್ತ್ ಸರಿಯಿದ್ದೂ ವೇಗ ತೋರಿಸದಿದ್ದರೆ ಆಗ ಮೀಟರ್ ಬದಲಿಸು, ನಾನು ಬೇಡ ಅನ್ನುವುದಿಲ್ಲ. ಆದರೆ ಹಳೆಯ ಮೀಟರಿನ ಕಿಲೋಮೀಟರ್ ಫೋಟೋ ತೆಗೆದು, ಬಿಲ್ಲಿನಲ್ಲಿ ಬರೆದು, ಗಿರಾಕಿಯ ಕೈಗೆ ಕೊಡು. ಹೊಸದು ಸೊನ್ನೆಯಿಂದ ಶುರುವಾದರೆ ನಾಳೆ ಆ ಗಾಡಿ ಕೊಳ್ಳುವವನಿಗೆ ಅದು ಎಷ್ಟು ಓಡಿದೆ ಎಂದು ಹೇಳಲು ಆ ಚೀಟಿಯೊಂದೇ ಉಳಿಯುವುದು.

ಮೀಟರ್ ಆರ್ಡರ್ ಮಾಡಿದ್ದರೆ ಈಗಲೇ ಬೇಡ ಅನ್ನು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ ಗಾಡಿಯ ಚಕ್ರ ಎತ್ತಿ ಮೆಲ್ಲಗೆ ತಿರುಗಿಸಿ, ಸಿಗ್ನಲ್ ವೈರಿನಲ್ಲಿ ಏನು ಬಂತೆಂದು ಫೋನ್ ಮಾಡು. ನಾನು ಹತ್ತು ಗಂಟೆಯವರೆಗೆ ಮನೆಯಲ್ಲೇ ಇರುತ್ತೇನೆ.