ಅಜ್ಜಿ ಎಲ್ಲಿಗೆ ಹೋದಳು ಎಂದು ಕೇಳಿದ ಸಿಂಧುವಿಗೆ

ಚನ್ನರಾಯಪಟ್ಟಣ

ಚಿ. ಸಿಂಧುವಿಗೆ, ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪ್ರಶ್ನೆಗಳನ್ನು ಓದಿದೆ. ದೇವರು ಇದ್ದಾನಾ? ಅಜ್ಜಿಯ ಆತ್ಮ ಈಗ ಎಲ್ಲಿದೆ? ಎಲ್ಲ ಧರ್ಮ ಹೇಳೋದೂ ಒಂದೇ ಅಂತಾರಲ್ಲ, ಹೌದಾ? ಇಂಥವಕ್ಕೆ ಮೊಬೈಲಿನಲ್ಲಿ ಉತ್ತರ ಕುಟ್ಟುವ ಚುರುಕು ನನ್ನ ಹೆಬ್ಬೆರಳಿಗಿಲ್ಲ, ಅದಕ್ಕೇ ಈ ಕಾಗದ. ನಿಮ್ಮಪ್ಪನೂ ಫೋನ್ ಮಾಡಿದ್ದ. ನಂಬಿಕೆ ಇಲ್ಲದ ಮೇಲೆ ಅಜ್ಜಿಯ ವರ್ಷದ ತಿಥಿಗೆ ಯಾಕೆ ಬರಲಿ ಅಂದೆಯಂತೆ. ಆ ವಿಷಯ ಆಮೇಲೆ.

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಲ್ಲರೂ ಹೇಳುವುದು ಒಂದೇ ಅಲ್ಲ, ಮಗಳೇ. ಸಭೆಯಲ್ಲಿ ಹಾಗೆ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಆದರೆ ಯಾವ ಮತದವರ ಗ್ರಂಥವನ್ನೂ ಓದುವ ಕಷ್ಟ ತಪ್ಪಿಸಿಕೊಂಡ ಹಾಗಾಗುತ್ತದೆ ಅಷ್ಟೆ. ಶೃಂಗೇರಿಯಲ್ಲಿ ಕೇಳು: ಜೀವ, ಬ್ರಹ್ಮ ಎರಡಲ್ಲ, ಅವಿದ್ಯೆ ಕಳೆದರೆ ಉಳಿಯುವುದು ಒಂದೇ. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಇದೇ ಮಾತು ಹೇಳಿದರೆ ಒಪ್ಪುವುದಿಲ್ಲ. ದೇವರಿಗೂ ಜೀವನಿಗೂ ಭೇದ, ಜೀವ ಜೀವಕ್ಕೂ ಭೇದ, ಮೋಕ್ಷದಲ್ಲೂ ಆ ಭೇದ ಅಳಿಯದು ಎಂದು ಮಧ್ವರು ಖಡಾಖಂಡಿತವಾಗಿ ಹೇಳಿ ಹೋಗಿದ್ದಾರೆ. ನಮ್ಮ ಪಕ್ಕದ ಶ್ರವಣಬೆಳಗೊಳದ ಜೈನರ ಹತ್ತಿರ ಬಂದರೆ ಲೆಕ್ಕವೇ ಬೇರೆ. ಜಗತ್ತನ್ನು ಮಾಡಿದವನು ಅಂತ ಅಲ್ಲಿ ಯಾರೂ ಇಲ್ಲ. ಜೀವಗಳು ಅನಂತ, ಕರ್ಮ ಎನ್ನುವುದು ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮವಾದ ಪುದ್ಗಲ, ಅಂದರೆ ಜಡದ್ರವ್ಯ. ಅದು ಪೂರ್ತಿ ಕಳಚಿದ ಜೀವ ಲೋಕದ ತುದಿಗೇರಿ ನಿಲ್ಲುತ್ತದೆ, ಯಾರಲ್ಲೂ ಲೀನವಾಗುವುದಿಲ್ಲ. ಬೈಲಕುಪ್ಪೆಯ ಟಿಬೆಟಿಯನ್ನರು ಪುನರ್ಜನ್ಮ ನಂಬುತ್ತಾರೆ, ಶಾಶ್ವತವಾದ ಆತ್ಮವನ್ನು ಒಪ್ಪುವುದಿಲ್ಲ. ಮಸೀದಿ, ಚರ್ಚುಗಳಲ್ಲಿ ಒಂದೇ ಜನ್ಮ, ಆಮೇಲೆ ತೀರ್ಪು. ಇವೆಲ್ಲ ಒಂದೇ ಅಂದರೆ ಅಷ್ಟೂ ಜನರಿಗೆ ಅವಮಾನ ಮಾಡಿದ ಹಾಗೆ. ಒಬ್ಬೊಬ್ಬರೂ ಆಯುಷ್ಯ ತೇದು ಕಂಡುಕೊಂಡ ಮಾತು ಅದು.

ಇಷ್ಟು ಭಿನ್ನಾಭಿಪ್ರಾಯ ಯಾಕೆ ಅಂದರೆ, ಯಾವುದನ್ನು ಪ್ರಮಾಣ ಅಂತ ಒಪ್ಪುತ್ತೀರಿ ಎನ್ನುವ ಕಡೆಯೇ ದಾರಿ ಕವಲೊಡೆಯುತ್ತದೆ. ಚಾರ್ವಾಕರಿಗೆ ಕಣ್ಣಿಗೆ ಕಂಡದ್ದು ಮಾತ್ರ ಸಾಕ್ಷಿ, ಹಾಗಾಗಿ ದೇಹ ಸುಟ್ಟ ಮೇಲೆ ಏನೂ ಇಲ್ಲ. ಬೌದ್ಧ ತಾರ್ಕಿಕರು ಪ್ರತ್ಯಕ್ಷದ ಜೊತೆಗೆ ಅನುಮಾನವನ್ನೂ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದನ್ನೂ, ಸೇರಿಸಿಕೊಂಡರು. ರಾಮಾನುಜರು, ಮಧ್ವರು ಮೂರನೆಯದಾಗಿ ವೇದವನ್ನೂ ಇಟ್ಟುಕೊಂಡರು. ಕಂಡದ್ದು, ಊಹಿಸಿದ್ದು, ನಂಬಬಹುದಾದವರಿಂದ ಕೇಳಿದ್ದು, ಇವುಗಳಲ್ಲಿ ನಿನಗೆ ಯಾವುದು ಸಾಕು? ದೇವರಿದ್ದಾನಾ ಎಂದು ನನ್ನನ್ನು ಕೇಳುವ ಮೊದಲು ಇದನ್ನು ನಿನ್ನಲ್ಲೇ ಕೇಳಿಕೊ. ನಿನ್ನ ಆಫೀಸಿನಲ್ಲಿ ದಾಖಲೆ ಇಲ್ಲದೆ ಒಂದು ರೂಪಾಯಿ ಬಿಲ್ಲೂ ಪಾಸು ಮಾಡದ ನೀನು, ಸ್ನೇಹಿತೆ ಹೇಳಿದಳು ಅಂತ ನಾಸ್ತಿಕಳಾಗುವುದೂ ಬೇಡ, ದೊಡ್ಡಪ್ಪ ಹೇಳಿದ ಅಂತ ಆಸ್ತಿಕಳಾಗುವುದೂ ಬೇಡ.

ನನ್ನ ನಂಬಿಕೆ ಏನು ಅಂತ ಕೇಳಿದ್ದೀಯ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದೇವರು ಇದ್ದಾನೆ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ನನ್ನ ಪಿಂಚಣಿ, ನಿನ್ನ ಪ್ರಮೋಷನ್ ನೋಡಿಕೊಳ್ಳಲು ಅವನು ಕೂತಿಲ್ಲ. ಹರಕೆ ಹೊರುವುದನ್ನು ಬಿಟ್ಟು ಬಹಳ ಕಾಲವಾಯಿತು. ಆತ್ಮದ ವಿಚಾರಕ್ಕೆ ಬಂದರೆ, ಉಡುಪಿಯವರ ಮಾತೇ ನಿಜವಾಗಲಿ ಎಂಬ ಆಸೆ. ಅಮ್ಮ ಎಲ್ಲೋ ಅಮ್ಮನಾಗಿಯೇ ಇರಲಿ, ಯಾವುದರಲ್ಲೂ ಕರಗಿ ಗುರುತು ಸಿಗದ ಹಾಗೆ ಆಗದಿರಲಿ ಎಂದು. ಆದರೆ ಆಸೆ ಪ್ರಮಾಣವಲ್ಲ. ಅಜ್ಜಿ ಎಲ್ಲಿದ್ದಾಳೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನದನ್ನು ಹೇಳಿದರೆ ನಿನಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಅಜ್ಜಿಗೆ ಈ ಯಾವ ತಕರಾರೂ ಇರಲಿಲ್ಲ. ಪಕ್ಕದ ಮನೆಯ ಜೈನರ ಅಮ್ಮ ನಮ್ಮಲ್ಲಿ ಊಟಕ್ಕೆ ಬರುವ ದಿನ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಒಂದೂ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಎಲೆ ಹಾಕಿ ಬಡಿಸಿ ಮುಗಿಸುತ್ತಿದ್ದಳು. ಒಮ್ಮೆ ನನ್ನನ್ನು ಕೇಳಿದ್ದಳು, "ಅವರ ತೀರ್ಥಂಕರರು ಮಳೆ ಬೆಳೆ ಏನೂ ಕೊಡಲ್ವಂತೆ ಕಣೋ, ಏನನ್ನೂ ಕೇಳೋ ಹಾಗೂ ಇಲ್ವಂತೆ. ಆದ್ರೂ ದಿನಾ ಹೋಗಿ ಕೈ ಮುಗೀತಾರಲ್ಲೋ!" ವರ ಬೇಡುವುದಕ್ಕೆ ಅವರಲ್ಲಿ ಪದ್ಮಾವತಿ, ಕೂಷ್ಮಾಂಡಿನಿಯಂಥ ದೇವಿಯರಿದ್ದಾರೆ ಎಂದೆ. ಅದು ಅವಳಿಗೆ ಬೇಕಿರಲಿಲ್ಲ. ಏನೂ ಕೊಡದವನಿಗೆ ಕೈ ಮುಗಿಯುವುದು ಅವಳಿಗೆ ಬೆರಗಿನ ಸಂಗತಿಯಾಗಿತ್ತು. ಹಾಗಂತ ತನ್ನ ರಂಗನಾಥನ ಹತ್ತಿರ ಕೇಳುವುದನ್ನು ಅವಳು ಕಡಿಮೆ ಮಾಡಲೂ ಇಲ್ಲ.

ಮುಂದಿನ ಸಲ ಬಂದಾಗ ನಿನ್ನನ್ನು ಬೆಳಗೊಳದ ಭಂಡಾರಿ ಬಸದಿಗೆ ಕರೆದುಕೊಂಡು ಹೋಗುತ್ತೇನೆ. ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುವವರು ಈ ಬಸದಿಗೆ ಅಷ್ಟಾಗಿ ಬರುವುದಿಲ್ಲ. ಅಲ್ಲಿ 1368ರ ಒಂದು ಶಾಸನವಿದೆ, ವಿಜಯನಗರದ ಬುಕ್ಕರಾಯನ ಕಾಲದ್ದು. ವೈಷ್ಣವ ಭಕ್ತರಿಂದ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಯ ಜೈನರು ರಾಜನಲ್ಲಿ ಮೊರೆಯಿಟ್ಟರು. ಬುಕ್ಕ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಅವನ ಕಟ್ಟಳೆ ಇದು: ಪಂಚಮಹಾವಾದ್ಯ, ಕಲಶದ ಮರ್ಯಾದೆ ಮೊದಲಿನಂತೆಯೇ ಜೈನರಿಗೂ ಸಲ್ಲಬೇಕು. ಅವರಿಗಾದ ಹಾನಿಯನ್ನು ವೈಷ್ಣವರು ತಮ್ಮ ಹಾನಿ ಎಂದೇ ತಿಳಿಯಬೇಕು. ಜೈನರು ವರ್ಷಕ್ಕೆ ಮನೆಗೊಂದು ಹಣ, ಅಂದರೆ ಆಗಿನ ನಾಣ್ಯ, ಕೊಡುವುದು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ವೈಷ್ಣವರೇ ನೇಮಿಸುವುದು, ಮಿಕ್ಕದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಇದರ ಉಸ್ತುವಾರಿ ತಿರುಮಲೆಯ ತಾತಯ್ಯನಿಗೆ. ತಪ್ಪಿದವರು ರಾಜದ್ರೋಹಿಗಳು.

ಈ ಶಾಸನದಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದಿದೆ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಕಲ್ಲು ಹೇಳುತ್ತದೆ, ನಿಜ. ಆದರೆ ಅದೇ ಕಲ್ಲು ಶುರುವಾಗುವುದು ರಾಮಾನುಜರ ಸ್ತುತಿಯಿಂದ, ಅದೂ ಪಾಷಂಡಿಗಳೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ ಎಂದು ಹೊಗಳುವ ಶ್ಲೋಕದಿಂದ! ಆ ಶ್ಲೋಕದ ಲೆಕ್ಕದಲ್ಲಿ ಜೈನರೂ ಪಾಷಂಡಿಗಳೇ. ಅಂದರೆ ವೈಷ್ಣವರು ತಮ್ಮ ಸಿದ್ಧಾಂತವನ್ನು ಎಳ್ಳಷ್ಟೂ ಬಿಟ್ಟುಕೊಡಲಿಲ್ಲ, ಜೈನರೂ ಬಿಡಲಿಲ್ಲ. ಯಾರ ದೇವರು ನಿಜ ಎಂದು ಬುಕ್ಕ ತೀರ್ಪು ಕೊಡುವ ಗೋಜಿಗೇ ಹೋಗಲಿಲ್ಲ. ವಾದ್ಯ, ಕಾವಲು, ಸುಣ್ಣ, ಇಷ್ಟನ್ನು ಇತ್ಯರ್ಥ ಮಾಡಿದ. ವಾದ ಗ್ರಂಥದಲ್ಲಿ ನಡೆಯಲಿ, ಬೀದಿಗೆ ಬರುವುದು ಬೇಡ. ನಾನು ಇಷ್ಟು ವರ್ಷ ಮೇಷ್ಟರಾಗಿ ಹುಡುಗರಿಗೆ ಹೇಳಿದ್ದೂ ಇದನ್ನೇ, ನಿನಗೆ ಹೇಳುವುದೂ ಇದನ್ನೇ.

ಏನನ್ನೂ ನಂಬದವರ ಕಥೆ ಏನು ಅನ್ನುತ್ತೀಯ. ಎಚ್. ನರಸಿಂಹಯ್ಯನವರನ್ನು ನೆನೆಸಿಕೊ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ಮಾಡಿ ಬೇಕಾದಷ್ಟು ಬೈಗುಳ ತಿಂದವರು. ಅವರೇ ಖಾದಿ ಉಟ್ಟು, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬಾಳಿದರು. ಕಾವಿ ಹೊದ್ದವರಲ್ಲಿ ಅಷ್ಟು ಬರಿಗೈಯವರು ಎಷ್ಟು ಮಂದಿ? ಹಾಗಾಗಿ ನೀನು ನಾಸ್ತಿಕಳಾದರೆ ನನಗೆ ಗಾಬರಿಯಿಲ್ಲ. ನಾಸ್ತಿಕಳೆಂಬ ಜಂಬದಲ್ಲಿ ಕೈ ಮುಗಿಯುವವರನ್ನು ದಡ್ಡರೆಂದು ಆಡಿಕೊಂಡರೆ ಮಾತ್ರ ಕಿವಿ ಹಿಂಡುತ್ತೇನೆ.

ಈಗ ತಿಥಿಯ ವಿಷಯ. ನೀನು ಬಾ. ಎಡೆ ಇಡುವುದು, ಎಳ್ಳುನೀರು ಬಿಡುವುದು ನನ್ನ ಮತ್ತು ನಿಮ್ಮಪ್ಪನ ಕೆಲಸ. ಅದು ಅಜ್ಜಿಗೆ ಮುಟ್ಟುತ್ತದೆ ಎಂದು ನೀನು ನಂಬಬೇಕಾಗಿಲ್ಲ, ಕೈ ಮುಗಿ ಎಂದು ಯಾರೂ ಬಲವಂತ ಮಾಡುವುದಿಲ್ಲ. ನಿಮ್ಮಪ್ಪನಿಗೆ ಆಗಲೇ ಹೇಳಿದ್ದೇನೆ. ಆದರೆ ಊರಿನ ಜನ ಬರುತ್ತಾರೆ, ಬಡಿಸಲು ಕೈ ಸಾಲದು. ಪಕ್ಕದ ಮನೆಯ ಅಮ್ಮನಿಗೆ ಬೇರೆ ಅಡುಗೆಯಾಗಬೇಕು, ಹೊತ್ತು ಮುಳುಗುವ ಮುಂಚೆ ಬಡಿಸಬೇಕು. ಅದನ್ನು ನೀನು ವಹಿಸಿಕೊ. ಶುಕ್ರವಾರ ರಾತ್ರಿಯೇ ಬಸ್ಸು ಹತ್ತು, ಬೆಳಿಗ್ಗೆ ತರಕಾರಿ ಹೆಚ್ಚುವುದಿದೆ. ಪ್ರಮಾಣದ ಪ್ರಶ್ನೆಗೆ ನಿನ್ನ ಉತ್ತರ ತಯಾರಿರಲಿ. ಹೆಚ್ಚುತ್ತಾ ಕೂತು ವಾದ ಮಾಡೋಣ, ನಾನು ಸುಲಭಕ್ಕೆ ಸೋಲುವವನಲ್ಲ.

ಇಂತಿ,
ನಿನ್ನ ದೊಡ್ಡಪ್ಪ